ಕರಿಕಲ್ಲಿನ ಕೆಳಗೊಂದು ಹಳ್ಳ

ಹಟ್ಟಿಯಲ್ಲಿ ಚಿನ್ನ ಇದೆ, ಗೋಗಿಯಲ್ಲಿ ಯುರೇನಿಯಂ ಇದೆ, ವಾಡಿ, ಸೇಡಂ ಕಡೆ ಸಿಮೆಂಟಿಗೆ ಬೇಕಾದ ಸುಣ್ಣಕಲ್ಲು ಇದೆ. ಇಷ್ಟು ನಮ್ಮ ಕಲಬುರಗಿ ಭಾಗದ ಶಾಲಾಮಕ್ಕಳಿಗೂ ಗೊತ್ತು. ವಜ್ರದ ಮಾತು ಬಂದರೆ ಮಾತ್ರ ಎಲ್ಲರೂ ಗೋಲ್ಕೊಂಡದ ದಿಕ್ಕಿಗೆ ಕೈ ತೋರಿಸುತ್ತಾರೆ. ಆದರೆ 2005ರಲ್ಲಿ, ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘದ ಒಂದು ಗೋಷ್ಠಿಗೆ ಡಿ ಬೀರ್ಸ್ ಕಂಪನಿಯ ಭೂವಿಜ್ಞಾನಿ ಮೈಕೆಲ್ ಲಿನ್ ಕೊಟ್ಟ ಪ್ರಬಂಧದ ವಿಷಯವೇ ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳಲ್ಲಿ ಕಿಂಬರ್ಲೈಟ್ ಸಿಕ್ಕಿದ್ದು. ಕಿಂಬರ್ಲೈಟ್ ಎಂದರೆ ವಜ್ರವನ್ನು ಪಾತಾಳದಿಂದ ಮೇಲೆ ಹೊತ್ತು ತರುವ ಕಲ್ಲು. ಆಗಿನ ಗುಲ್ಬರ್ಗಾ, ಅಂದರೆ ಈಗಿನ ಕಲಬುರಗಿ ಜಿಲ್ಲೆಯಲ್ಲಿ ಯಾದಗಿರಿಯೂ ಸೇರಿತ್ತು. ಅದು ಬೇರೆ ಜಿಲ್ಲೆಯಾದದ್ದು 2009ರ ಕೊನೆಗೆ.

ಹಾಗಾದರೆ ನಮ್ಮಲ್ಲಿ ವಜ್ರ ಇದೆಯೇ ಎಂದು ನೀವು ಕೇಳಬಹುದು. ಕಿಂಬರ್ಲೈಟ್ ಇದೆ ಎಂದೆ, ವಜ್ರ ಇದೆ ಎನ್ನಲಿಲ್ಲ. ಇವೆರಡರ ನಡುವಿನ ಅಂತರವನ್ನು ದಾಟಲು ಮನುಷ್ಯ ಪಡುವ ಪಾಡೇ ಇವತ್ತಿನ ನನ್ನ ಮಾತು. ಕಲಬುರಗಿ ನಗರದಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ ಆ ಅಂತರ ಇನ್ನಷ್ಟು ದೊಡ್ಡದಾಗುತ್ತದೆ. ಯಾಕೆ ಎಂಬುದನ್ನೂ ಹೇಳುತ್ತೇನೆ.

ವಜ್ರ ಹುಟ್ಟುವುದು ನೆಲದಿಂದ 150 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಸಾವಿರ ಡಿಗ್ರಿಯ ಆಸುಪಾಸಿನ ಕಾವಿನಲ್ಲಿ, ನಾವು ಊಹಿಸಲಾಗದ ಒತ್ತಡದಲ್ಲಿ. ಅಲ್ಲಿಂದ ಅದು ನಿಧಾನವಾಗಿ ಮೇಲೆ ಬಂದರೆ ದಾರಿಯಲ್ಲೇ ಗ್ರಾಫೈಟ್ ಆಗಿಬಿಡುತ್ತದೆ, ಅಂದರೆ ಪೆನ್ಸಿಲಿನ ಸೀಸ. ಗಂಟೆಗಳಲ್ಲೋ ಕೆಲವೇ ದಿನಗಳಲ್ಲೋ ಮೇಲಕ್ಕೆ ನುಗ್ಗುವ ಒಂದು ಬಗೆಯ ಕರಗಿದ ಕಲ್ಲು ಅದನ್ನು ಎತ್ತಿ ತರಬೇಕು. ಆ ಕಲ್ಲು ನೆಲದ ಹತ್ತಿರ ಬಂದಾಗ ಸಿಡಿದು, ಗಜ್ಜರಿಯ ಆಕಾರದ ಒಂದು ಕೊಳವೆಯನ್ನು ಉಳಿಸುತ್ತದೆ: ಮೇಲೆ ಅಗಲ, ಕೆಳಗೆ ಹೋದಂತೆ ಸಣ್ಣ. ಮೇಲಿನ ಬಾಯಿ ಒಮ್ಮೊಮ್ಮೆ ಒಂದು ಹೊಲದಷ್ಟು ಮಾತ್ರ ಇರುತ್ತದೆ. ಸಾವಿರಾರು ಚದರ ಕಿಲೋಮೀಟರಿನಲ್ಲಿ ಒಂದು ಹೊಲದಷ್ಟು ಜಾಗ ಹುಡುಕಬೇಕು. ಅದೂ ಮಣ್ಣು ಮುಚ್ಚಿ, ಮೇಲೆ ತೊಗರಿ ಬೆಳೆದಿರುವ ಜಾಗ.

ಸಿಕ್ಕಿತು ಎನ್ನಿ. ಅದರಲ್ಲಿ ಎಷ್ಟು ವಜ್ರ ಇರುತ್ತದೆ? ಮಧ್ಯಪ್ರದೇಶದ ಪನ್ನಾ ಬಳಿ ಮಝಗವಾಂ ಎಂಬಲ್ಲಿ ಸರ್ಕಾರಿ ಕಂಪನಿ ಎನ್‌ಎಂಡಿಸಿಯ ಗಣಿ ಇದೆ. ಅಲ್ಲಿ ನೂರು ಟನ್ ಕಲ್ಲು ಪುಡಿ ಮಾಡಿದರೆ ಸಿಗುವುದು ಸುಮಾರು ಹತ್ತು ಕ್ಯಾರಟ್. ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ. ಲೆಕ್ಕ ಹಾಕಿ ನೋಡಿ: ನೂರು ಟನ್ನಿಗೆ ಎರಡು ಗ್ರಾಂ, ಅಂದರೆ ಐದು ಕೋಟಿಯಲ್ಲಿ ಒಂದು ಪಾಲು. ಇಷ್ಟೇ ಸಿಕ್ಕರೂ ಗಣಿ ನಡೆಯುತ್ತದೆ. ಹಾಗಾಗಿ ಕೊಳವೆಯ ಮೇಲೆಯೇ ನಿಂತು ವರ್ಷಗಟ್ಟಲೆ ಕಣ್ಣಾಡಿಸಿದರೂ ಒಂದು ವಜ್ರ ಕಾಣದೆ ಹೋಗಬಹುದು. ವಜ್ರ ಹುಡುಕುವವರು ಕೊನೆಯ ಹಂತದವರೆಗೆ ವಜ್ರವನ್ನು ಹುಡುಕುವುದೇ ಇಲ್ಲ ಎಂಬ ಮಾತು ವಿಚಿತ್ರವಾಗಿ ಕೇಳಿಸಿದರೂ ನಿಜ.

ಅವರು ಹುಡುಕುವುದು ವಜ್ರದ ಜೊತೆಗಾರರನ್ನು. ಕಿಂಬರ್ಲೈಟ್ ಮೇಲೆ ಬರುವಾಗ ಆಳದ ಬೇರೆ ಹರಳುಗಳನ್ನೂ ತರುತ್ತದೆ: ಪೈರೋಪ್ ಎಂಬ ನೇರಳೆಗೆಂಪು ಗಾರ್ನೆಟ್, ಕ್ರೋಮ್ ಡಯಾಪ್ಸೈಡ್ ಎಂಬ ಗಿಣಿಹಸಿರು ಹರಳು, ಮೆಗ್ನೀಸಿಯಂ ಹೆಚ್ಚಿರುವ ಕಪ್ಪು ಇಲ್ಮನೈಟ್, ಕ್ರೋಮೈಟ್. ವಜ್ರ ಒಂದಿದ್ದರೆ ಇವು ಲಕ್ಷಗಟ್ಟಲೆ ಇರುತ್ತವೆ. ಮಳೆಗೆ ಕೊಳವೆಯ ಬಾಯಿ ಸವೆದಂತೆ ಇವು ಹಳ್ಳಕ್ಕೆ ಬೀಳುತ್ತವೆ, ಹಳ್ಳದಿಂದ ಹೊಳೆಗೆ. ಹುಡುಕುವವನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ದಿಬ್ಬಕ್ಕೆ ಉಲ್ಟಾ ನಡೆಯುತ್ತಾನೆ. ಹರಳು ಹೆಚ್ಚಾಗುತ್ತ ಹೋದರೆ ಹತ್ತಿರ ಬಂದ ಹಾಗೆ. ಒಮ್ಮೆಗೇ ನಿಂತರೆ ದಾಟಿ ಮುಂದೆ ಬಂದ ಹಾಗೆ.

ಈ ಕೆಲಸದ ಅತ್ಯಂತ ಚೆಂದದ ಕಥೆ ಸೈಬೀರಿಯಾದ್ದು. 1954ರ ಬೇಸಿಗೆಯಲ್ಲಿ ಲೆನಿನ್‌ಗ್ರಾದಿನ ಲಾರಿಸಾ ಪೊಪುಗಾಯೆವಾ ಎಂಬ ಭೂವಿಜ್ಞಾನಿ ಯಾಕೂತಿಯಾದ ದಾಲ್ದಿನ್ ನದಿಯ ದಂಡೆಗಳಲ್ಲಿ ಒಬ್ಬ ಸಹಾಯಕನನ್ನು ಕರೆದುಕೊಂಡು ಉಸುಕು ಜಾಲಿಸುತ್ತ ಹೊರಟಳು. ಕೆಂಪು ಪೈರೋಪನ್ನು ಹಿಂಬಾಲಿಸುವ ಉಪಾಯವನ್ನು ರೂಪಿಸಿದವಳು ಅವಳ ಹಿರಿಯ ಸಹೋದ್ಯೋಗಿ ನತಾಲಿಯಾ ಸರ್ಸಾದ್‌ಸ್ಕಿಖ್. ನೆಲದಲ್ಲಿ ಮಂಡಿಯೂರಿ, ಪಾಚಿ ಕಿತ್ತು, ಹರಳು ಎಣಿಸುತ್ತ ಹೋದ ಪೊಪುಗಾಯೆವಾ ಆಗಸ್ಟಿನಲ್ಲಿ ಒಂದು ಕಡೆ ಪಾಚಿಯ ಕೆಳಗೆ ಪೈರೋಪ್ ತುಂಬಿದ ನೀಲಿ ಛಾಯೆಯ ಕಲ್ಲನ್ನೇ ಕಂಡಳು. ಸೋವಿಯತ್ ದೇಶದ ಮೊದಲ ಕಿಂಬರ್ಲೈಟ್ ಕೊಳವೆ ಅದು. ಅದಕ್ಕೆ ಜರ್ನಿತ್ಸಾ ಎಂದು ಹೆಸರಾಯಿತು. ತಮಾಷೆ ಎಂದರೆ ಆ ಕೊಳವೆಯಲ್ಲಿ ವಜ್ರ ಕಡಿಮೆ. ಆದರೆ ದಾರಿ ಸರಿ ಎಂದು ಗೊತ್ತಾಯಿತು. ಮರುವರ್ಷ ಇದೇ ದಾರಿ ಹಿಡಿದವರಿಗೆ ಮೀರ್ ಎಂಬ ಶ್ರೀಮಂತ ಕೊಳವೆ ಸಿಕ್ಕಿತು.

ನಮ್ಮ ಕಡೆಯೂ ಕ್ರಮ ಇದೇ. ಬೇಸಿಗೆಯಲ್ಲಿ ಹಳ್ಳ ಒಣಗಿದಾಗ ಹೋಗಿ, ತಿರುವಿನ ಒಳಮಗ್ಗುಲಲ್ಲಿ, ದೊಡ್ಡ ಗುಂಡುಕಲ್ಲಿನ ಹಿಂದೆ, ಬಂಡೆಯ ಬಿರುಕಿನಲ್ಲಿ ತಂಗಿದ ಗರಸು ಉಸುಕನ್ನು ತೆಗೆಯಬೇಕು. ತೂಕದ ಹರಳು ನಿಲ್ಲುವುದು ಅಂಥಲ್ಲೇ. ಜರಡಿ ಹಿಡಿದು ಎರಡು ಮಿಲಿಮೀಟರಿಗಿಂತ ಸಣ್ಣದನ್ನು ಉಳಿಸಿಕೊಂಡು, ನೀರಿನಲ್ಲಿ ಜಾಲಿಸಿ ಹಗುರಾದದ್ದನ್ನು ಚೆಲ್ಲಬೇಕು. ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಚಿನ್ನ ತೆಗೆಯುತ್ತಿದ್ದುದೂ ಹೀಗೆಯೇ. ಉಳಿದ ಹಿಡಿಯಷ್ಟು ಕರಿ ಉಸುಕು ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಭಾರದ ದ್ರವದಲ್ಲಿ ಮುಳುಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಕಾಳು ಕಾಳಾಗಿ ಆರಿಸುತ್ತಾರೆ. ಆರಿಸಿದ ಗಾರ್ನೆಟ್ಟಿನಲ್ಲಿ ಕ್ರೋಮಿಯಂ ಎಷ್ಟು, ಕ್ಯಾಲ್ಸಿಯಂ ಎಷ್ಟು ಎಂದು ಅಳೆಯುತ್ತಾರೆ. ಕ್ರೋಮಿಯಂ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆ ಇದ್ದರೆ ಅದು ವಜ್ರ ಹುಟ್ಟುವ ಆಳದಿಂದ ಬಂದ ಗಾರ್ನೆಟ್ ಎಂಬುದನ್ನು ದಕ್ಷಿಣ ಆಫ್ರಿಕಾದ ಜಾನ್ ಗರ್ನಿ ಮುಂತಾದವರು ತೋರಿಸಿಕೊಟ್ಟಿದ್ದಾರೆ. ಒಂದು ತೊಂದರೆ: ನಮ್ಮ ಬಿಸಿಲು ಮಳೆಗೆ ಹಸಿರು ಡಯಾಪ್ಸೈಡ್ ಬೇಗ ಕೊಳೆತು ಹೋಗುತ್ತದೆ. ಸೈಬೀರಿಯಾದ ಚಳಿ ಉಳಿಸುವುದನ್ನು ಕಲಬುರಗಿಯ ಬಿಸಿಲು ಉಳಿಸುವುದಿಲ್ಲ. ಇಲ್ಲಿ ಹೆಚ್ಚು ನೆಚ್ಚಬೇಕಾದದ್ದು ಗಟ್ಟಿಯಾದ ಕಪ್ಪು ಹರಳುಗಳನ್ನು.

ಹಳ್ಳ ತೋರಿಸಿದ ದಿಬ್ಬದ ಮೇಲೆ ಯಂತ್ರಗಳ ಕೆಲಸ ಶುರುವಾಗುತ್ತದೆ. ಕಿಂಬರ್ಲೈಟಿನಲ್ಲಿ ಮ್ಯಾಗ್ನೆಟೈಟ್ ಇರುವುದರಿಂದ, ಗ್ರಾನೈಟಿನ ನಡುವೆ ಅದು ಕಾಂತಮಾಪಕಕ್ಕೆ ದುಂಡನೆಯ ಗುರುತಾಗಿ ಕಾಣುತ್ತದೆ. ಕೊಳೆತ ಕಿಂಬರ್ಲೈಟ್ ಜೇಡಿಯಾಗುವುದರಿಂದ ವಿದ್ಯುತ್ತು ಅದರಲ್ಲಿ ಸುಲಭವಾಗಿ ಹರಿಯುತ್ತದೆ. ಸುತ್ತಲಿನ ಕಲ್ಲಿಗಿಂತ ಹಗುರಾದ್ದರಿಂದ ಗುರುತ್ವವೂ ಅಲ್ಲಿ ಕೂದಲೆಳೆಯಷ್ಟು ಕಡಿಮೆ. ಈ ಮೂರನ್ನೂ ನೆಲದ ಮೇಲೆ ನಡೆದು ಅಳೆಯಬಹುದು, ಆಕಾಶದಿಂದಲೂ ಅಳೆಯಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 2017ರಲ್ಲಿ ಶುರು ಮಾಡಿದ ರಾಷ್ಟ್ರೀಯ ವೈಮಾನಿಕ ಸಮೀಕ್ಷೆಯಲ್ಲಿ ವಿಮಾನ ನೆಲದಿಂದ 80 ಮೀಟರ್ ಎತ್ತರದಲ್ಲಿ, 300 ಮೀಟರಿಗೊಂದು ಸಾಲು ಹಿಡಿದು ಹಾರುತ್ತದೆ. ಸಣ್ಣ ಕೊಳವೆಯಾದರೆ ಎರಡು ಸಾಲುಗಳ ನಡುವೆ ತಪ್ಪಿಸಿಕೊಳ್ಳಬಹುದು. ಅದಕ್ಕೇ ಅನುಮಾನ ಬಂದ ಕಡೆ ಮತ್ತೆ ನಡೆದೇ ನೋಡಬೇಕು.

ಯಾದಗಿರಿ ಜಿಲ್ಲೆಯ ಗುರುಮಿಠಕಲ್ ಕಡೆ, ಅಲ್ಲಿಂದ ಗಡಿ ದಾಟಿ ನಾರಾಯಣಪೇಟೆ, ಮದ್ದೂರು, ಕೋಟಕೊಂಡದವರೆಗೆ ಈ ಉಪಾಯಗಳೆಲ್ಲ ಕೆಲಸಕ್ಕೆ ಬಂದವು. ಆ ನೆಲ ಹಳೆಯ ಗ್ರಾನೈಟು, ಮುಚ್ಚಳವಿಲ್ಲದ ನೆಲ. ಅಲ್ಲಿ ಹತ್ತಾರು ಕಿಂಬರ್ಲೈಟುಗಳು ಸಿಕ್ಕಿವೆ. ಭೂವಿಜ್ಞಾನಿಗಳು ಆ ಇಡೀ ಕ್ಷೇತ್ರಕ್ಕೆ ನಾರಾಯಣಪೇಟೆಯ ಹೆಸರಿಟ್ಟು, ಅದರ ಒಂದು ಗುಂಪನ್ನು ನಮ್ಮ ಭೀಮೆಯ ಹೆಸರಿನಿಂದ ಕರೆಯುತ್ತಾರೆ. ಅವುಗಳ ವಯಸ್ಸು ಸುಮಾರು 110 ಕೋಟಿ ವರ್ಷ. ಅನಂತಪುರ ಜಿಲ್ಲೆಯ ವಜ್ರಕರೂರಿನ ಕೊಳವೆಗಳೂ ಹೆಚ್ಚುಕಡಿಮೆ ಅದೇ ಕಾಲದವು. ಆದರೆ ವಜ್ರಕರೂರಿನಲ್ಲಿ ವಜ್ರ ಇದೆ, ನಾರಾಯಣಪೇಟೆ ಕ್ಷೇತ್ರದ ಕೊಳವೆಗಳು ಬಹುಪಾಲು ಬರಿದು. ಒಂದೇ ಧಾರವಾಡ ಶಿಲಾಖಂಡ, ಒಂದೇ ಕಾಲ, ನಡುವೆ ಕೃಷ್ಣೆ ತುಂಗಭದ್ರೆಗಳು ಅಷ್ಟೆ. ಫಲ ಮಾತ್ರ ಬೇರೆ. ಜಗತ್ತಿನ ಸಾವಿರಾರು ಕಿಂಬರ್ಲೈಟುಗಳಲ್ಲಿ ಗಣಿಯಾಗುವ ಯೋಗ ಇರುವುದು ನೂರರಲ್ಲಿ ಒಂದಕ್ಕೋ ಎರಡಕ್ಕೋ. ಇದು ಗೊತ್ತಿದ್ದರೆ ಗುರುಮಿಠಕಲ್ಲಿನ ಫಲಿತಾಂಶ ಅವಮಾನ ಅನ್ನಿಸುವುದಿಲ್ಲ.

ಬರಿದು ಎಂದು ತೀರ್ಮಾನಿಸುವುದಕ್ಕೂ ದುಡಿಯಬೇಕು. ವಜ್ರದ ತುದಿ ಕೂಡಿಸಿದ ಟೊಳ್ಳು ಕೊಳವೆಯಿಂದ ನೆಲ ಕೊರೆದು, ಕಲ್ಲಿನ ಉದ್ದನೆಯ ಕಂಬವನ್ನು ತುಂಡು ತುಂಡಾಗಿ ಹೊರತೆಗೆಯುತ್ತಾರೆ. ಹೌದು, ವಜ್ರ ಹುಡುಕಲು ಮೊದಲು ವಜ್ರವನ್ನೇ ಖರ್ಚು ಮಾಡಬೇಕು. ಆ ಕಂಬದ ತುಂಡುಗಳನ್ನು ಕಾಸ್ಟಿಕ್ ಸೋಡಾದೊಡನೆ ಕುಲುಮೆಯಲ್ಲಿ ಕಾಯಿಸಿದರೆ ಕಲ್ಲು ಕರಗುತ್ತದೆ, ವಜ್ರ ಉಳಿಯುತ್ತದೆ. ಉಳಿಯುವುದು ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರಗಳು. ಅವುಗಳನ್ನು ಗಾತ್ರವಾರು ಎಣಿಸಿ, ಇಷ್ಟು ಸಣ್ಣವು ಇದ್ದರೆ ದೊಡ್ಡವು ಇಷ್ಟಿರಬಹುದು ಎಂದು ಅಂದಾಜು ಮಾಡುತ್ತಾರೆ. ಅಂದಾಜು ಚೆನ್ನಾಗಿದ್ದರೆ ನೂರಾರು ಟನ್ ಕಲ್ಲು ತೆಗೆದು, ಒಡೆದು, ಭಾರದ ಪಾಲನ್ನು ಬೇರ್ಪಡಿಸಿ ಎಕ್ಸ್-ರೇ ಹಾಯಿಸುತ್ತಾರೆ; ವಜ್ರ ಅದರ ಕೆಳಗೆ ಮಿನುಗುತ್ತದೆ. ಹಳೆಯ ಉಪಾಯ ಇನ್ನೂ ಸರಳ. ಗ್ರೀಸು ಸವರಿದ ಹಲಗೆಯ ಮೇಲೆ ನೀರಿನೊಡನೆ ಹರಳು ಹರಿಸಿದರೆ ಬೇರೆಲ್ಲ ಜಾರಿ ಹೋಗುತ್ತವೆ. ವಜ್ರಕ್ಕೆ ನೀರು ಅಂಟುವುದಿಲ್ಲ, ಹಾಗಾಗಿ ಅದು ಗ್ರೀಸಿಗೆ ಅಂಟಿ ನಿಲ್ಲುತ್ತದೆ. ಹುಡುಕಾಟ ಶುರುವಾಗಿ ಎಷ್ಟೋ ವರ್ಷಗಳಾದ ಮೇಲೆ ವಜ್ರ ಕಣ್ಣಿಗೆ ಬೀಳುವುದು ಇಲ್ಲಿ.

ಈಗ ಕಮಲಾಪುರದ ದಾರಿಗೆ ಬರೋಣ. ಕಲಬುರಗಿಯಿಂದ ದಕ್ಷಿಣಕ್ಕೆ ಶಹಾಬಾದಿಗೆ ಹೋದರೆ ಕಾಗಿಣಾ ದಂಡೆಯಲ್ಲಿ ಫರಸಿಕಲ್ಲಿನ ಖಣಿಗಳು. ಇನ್ನೂ ಕೆಳಗೆ ಯಾದಗಿರಿಗೆ ಹೋದರೆ ಗ್ರಾನೈಟಿನ ಗುಡ್ಡ. ಉತ್ತರಕ್ಕೆ ಕಮಲಾಪುರದ ಕಡೆ ತಿರುಗಿದರೆ ಮಾತ್ರ ಎರೆ ನೆಲ, ಅದರ ಕೆಳಗೆ ಕರಿಕಲ್ಲು, ಅಲ್ಲಲ್ಲಿ ಕೆಂಪು ಮಣ್ಣಿನ ಹೊದಿಕೆ. ಊರಿಗೆ ಹೆಸರು ತಂದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ. ಈ ಕರಿಕಲ್ಲು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ದಖ್ಖನಿನ ದೊಡ್ಡ ಭಾಗವನ್ನೇ ಮುಚ್ಚಿದ ಆ ಪ್ರವಾಹದ ದಕ್ಷಿಣದ ಅಂಚು ನಮ್ಮ ಜಿಲ್ಲೆಯಲ್ಲಿ ಮುಗಿಯುತ್ತದೆ. 110 ಕೋಟಿ ವರ್ಷ ಹಳೆಯ ಕೊಳವೆಯೊಂದು ಕಮಲಾಪುರದ ಕೆಳಗೆ ಇದ್ದರೆ ಅದರ ಮೇಲೆ ಈ ಕರಿಕಲ್ಲು ಕೂತಿದೆ. ನಡುವೆ ಭೀಮಾ ಸುಣ್ಣಕಲ್ಲಿನ ಪದರ ಇದ್ದು, ಅದು ಕೊಳವೆಗಿಂತ ಈಚಿನದಾದರೆ ಅದೂ ಇನ್ನೊಂದು ಮುಚ್ಚಳ. ಲಾವಾದ ಕಾಲದ ಕೊಳವೆಗಳೂ ದೇಶದಲ್ಲಿವೆ, ಛತ್ತೀಸ್‌ಗಢದ ಮೈನ್‌ಪುರದಲ್ಲಿ. ಆದರೆ ನಮ್ಮ ನೆರೆಯಲ್ಲಿ ಸಿಕ್ಕಿರುವುದು ಹಳೆಯವೇ.

ಮುಚ್ಚಳ ಎಷ್ಟು ದಪ್ಪ? 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ವಾಯವ್ಯಕ್ಕೆ, ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಕಂಪ ಆದದ್ದು ನಮ್ಮ ಹಿರಿಯರಿಗೆ ನೆನಪಿದೆ. ಕಲಬುರಗಿಯಲ್ಲೂ ಜನ ಹೊರಗೋಡಿ ಬಂದಿದ್ದರು. ಆಮೇಲೆ ವಿಜ್ಞಾನಿಗಳು ಕಿಲ್ಲಾರಿಯಲ್ಲಿ 617 ಮೀಟರ್ ಆಳದ ರಂಧ್ರ ಕೊರೆದರು. ಮೊದಲ 338 ಮೀಟರ್ ಕರಿಕಲ್ಲು, ಅಂದರೆ 1100 ಅಡಿಗೂ ಹೆಚ್ಚು. ಅದರ ಕೆಳಗೆ ಎಂಟು ಮೀಟರ್ ಹಳೆಯ ಮಣ್ಣು ಉಸುಕಿನ ಪದರ. ಆಮೇಲೆ ಹಳೆಯ ಗಟ್ಟಿ ಕಲ್ಲು. ಲಾವಾದ ಹೊದಿಕೆ ವಾಯವ್ಯಕ್ಕೆ ಹೋದಂತೆ ದಪ್ಪವಾಗುತ್ತದೆ, ನಮ್ಮ ಕಡೆ ಬಂದಂತೆ ತೆಳುವಾಗುತ್ತದೆ. ಕಮಲಾಪುರ ಆ ಅಂಚಿಗೆ ಹತ್ತಿರದ ಊರು.

ಆ ಎಂಟು ಮೀಟರ್ ಪದರವನ್ನು ಗಮನದಲ್ಲಿಡಿ. ಅದರ ಮಾತು ಮತ್ತೆ ಬರುತ್ತದೆ.

ಮುಚ್ಚಳ ಇದ್ದಲ್ಲಿ ಮೊದಲು ಕೈ ಕೊಡುವುದು ಹಳ್ಳ. ಕಮಲಾಪುರ ಕಡೆಯ ಗಂಡೋರಿ ನಾಲಾದ ಉಸುಕನ್ನು ಎಷ್ಟು ಜಾಲಿಸಿದರೂ ಸಿಗುವುದು ಲಾವಾದ ಹರಳುಗಳೇ. ಕೆಳಗಿನ ಕೊಳವೆಯ ಒಂದು ಕಾಳೂ ಮೇಲೆ ಬರುವ ದಾರಿ ಇಲ್ಲ. ಬೋಟ್ಸ್‌ವಾನಾದ ಜ್ವಾನೆಂಗ್ ಗಣಿಯ ಮೇಲೂ ಸುಮಾರು 50 ಮೀಟರ್ ಮುಚ್ಚಳ ಇತ್ತು, ಆದರೆ ಅದು ಕಲಹರಿ ಮರುಭೂಮಿಯ ಉಸುಕು. ಅಲ್ಲಿ ಗೆದ್ದಲುಗಳು ನೀರಿಗಾಗಿ ಆಳಕ್ಕಿಳಿದು ಹರಳುಗಳನ್ನು ಮೇಲೆ ತಂದಿದ್ದವು. ನಮ್ಮಲ್ಲಿ ನಾಗಪಂಚಮಿಗೆ ಹುತ್ತಕ್ಕೆ ಹಾಲೆರೆಯುತ್ತೇವೆ. ಎರೆ ನೆಲದ ಹುತ್ತದ ಗೆದ್ದಲು ಕರಿಕಲ್ಲನ್ನು ಕೊರೆಯಲಾರದು, ಪಾಪ.

ಎರಡನೆಯದು ಕಾಂತಮಾಪಕ. ಉಸುಕು ಕಾಂತಕ್ಕೆ ಅಡ್ಡಿಯಲ್ಲ, ಆದರೆ ಲಾವಾ ತಾನೇ ಕಾಂತಗುಣದ್ದು. ದಖ್ಖನಿನ ಲಾವಾ ಬಹುಪಾಲು ಹರಿದದ್ದು ಭೂಮಿಯ ಕಾಂತದ ಉತ್ತರ ದಕ್ಷಿಣಗಳು ತಲೆಕೆಳಗಾಗಿದ್ದ ಕಾಲದಲ್ಲಿ. ಆ ಗುರುತು ಇನ್ನೂ ಅದರೊಳಗೆ ಗಟ್ಟಿಯಾಗಿದೆ. ಈ ಗದ್ದಲದಲ್ಲಿ ಕೆಳಗಿರುವ ಸಣ್ಣ ಕೊಳವೆಯ ದನಿ ಕೇಳುವುದು ಬಹಳ ಕಷ್ಟ. ಗುರುತ್ವದ ಅಳತೆಯೂ ಆಳ ಹೆಚ್ಚಿದಂತೆ ಮಂದವಾಗುತ್ತದೆ.

ಇನ್ನೊಂದು ಗೊಂದಲವನ್ನೂ ಹೇಳಲೇಬೇಕು. ಕರಿಕಲ್ಲಿನಲ್ಲಿ ಬಾವಿ ತೋಡುವಾಗ ಕಲ್ಲಿನ ಪೊಟರೆಗಳಲ್ಲಿ ಥಳಥಳಿಸುವ ಹರಳುಗಳು ಸಿಗುತ್ತವೆ. ಲಾವಾದಲ್ಲಿ ಉಳಿದಿದ್ದ ಗಾಳಿಗುಳ್ಳೆಗಳಲ್ಲಿ ಆಮೇಲೆ ನೀರಿನಿಂದ ಬೆಳೆದ ಸ್ಫಟಿಕ, ಕ್ಯಾಲ್ಸೈಟ್, ಜಿಯೋಲೈಟ್ ಅವು. ಮುಖಗಳು ಎಷ್ಟು ನುಣುಪು, ಮೂಲೆಗಳು ಎಷ್ಟು ಚೂಪು ಎಂದರೆ ಯಾರಿಗಾದರೂ ಆಸೆ ಹುಟ್ಟಬೇಕು. ಕ್ಯಾಲ್ಸೈಟನ್ನು ಚಾಕುವಿನಿಂದ ಗೀರಬಹುದು, ಗೊತ್ತಾಗಿಬಿಡುತ್ತದೆ. ಸ್ಫಟಿಕ ಗಾಜನ್ನು ಗೀರುತ್ತದೆ, ಮೋಸ ಆಗುವುದು ಇಲ್ಲೇ. ಗಾಜು ಗೀರಿದ್ದೆಲ್ಲ ವಜ್ರವಲ್ಲ. ತೂಕ ನೋಡಿದರೆ ತಿಳಿಯುತ್ತದೆ: ಒಂದೇ ಗಾತ್ರದ ವಜ್ರ ಸ್ಫಟಿಕಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ತೂಗುತ್ತದೆ. ಕರ್ನೂಲಿನ ಜೊನ್ನಗಿರಿ ಕಡೆ ಮುಂಗಾರಿನ ಮೊದಲ ಮಳೆಗೆ ಜನ ಹೊಲಗಳಲ್ಲಿ ವಜ್ರ ಹುಡುಕುತ್ತಾರೆ, ನಮ್ಮ ಬಳ್ಳಾರಿ ಕಡೆಯಿಂದಲೂ ಹೋಗುತ್ತಾರೆ. ಅಲ್ಲಿ ಸಿಗುವುದಕ್ಕೆ ಕಾರಣ ಇದೆ, ಹತ್ತಿರದಲ್ಲೇ ಸವೆದ ಕೊಳವೆಗಳಿವೆ. ಕಮಲಾಪುರದ ಹೊಲದಲ್ಲಿ ಹಾಗೆ ಬಗ್ಗಿ ನಡೆದರೆ ಸೊಂಟ ನೋವಷ್ಟೇ ಬರುತ್ತದೆ.

ಹಾಗಾದರೆ ಇಲ್ಲಿ ಹುಡುಕುವ ದಾರಿಯೇ ಇಲ್ಲವೇ? ಇದೆ, ಅದನ್ನು ತೋರಿಸಿದವರೂ ಸೈಬೀರಿಯಾದವರೇ. ಯಾಕೂತಿಯಾದ ಅಲಾಕಿತ್ ಪ್ರದೇಶದಲ್ಲಿ ಕಿಂಬರ್ಲೈಟಿನ ಮೇಲೆ ನಮ್ಮ ಕರಿಕಲ್ಲಿನ ಜಾತಿಯದೇ ಕಲ್ಲು ಹರಡಿದೆ. ಯುಬಿಲೇನಾಯ ಎಂಬ ದೊಡ್ಡ ಕೊಳವೆ ಸಿಕ್ಕಿದ್ದು ಅಂಥ ಮುಚ್ಚಳದ ಕೆಳಗೆ. ಅಲ್ಲಿನವರು ಮೇಲಿನ ನದಿಯನ್ನು ಬಿಟ್ಟು, ಮುಚ್ಚಳ ಬೀಳುವ ಮೊದಲು ಹರಿಯುತ್ತಿದ್ದ ನದಿಗಳನ್ನು ಹುಡುಕಿದರು. ಲಾವಾ ಬರುವ ಮುಂಚೆ ಕೊಳವೆ ತೆರೆದೇ ಇತ್ತು, ಮಳೆಗೆ ಸವೆಯುತ್ತಿತ್ತು, ಅದರ ಪೈರೋಪು ಇಲ್ಮನೈಟು ಆ ಕಾಲದ ಹಳ್ಳಗಳಿಗೆ ಬೀಳುತ್ತಿತ್ತು. ಆ ಹಳ್ಳದ ಉಸುಕು ಇವತ್ತೂ ಕಲ್ಲಿನಡಿ ಹಾಗೆಯೇ ಬಿದ್ದಿದೆ. ನೆಲವನ್ನು ಚೌಕಗಳಾಗಿ ಗುರುತಿಸಿ, ಒಂದೊಂದರಲ್ಲೂ ಕೊರೆದು, ಕಲ್ಲು ದಾಟಿ, ಆ ಪದರದ ಉಸುಕನ್ನು ಮೇಲೆತ್ತಿ ಜಾಲಿಸಿದರೆ ಮತ್ತೆ ಅದೇ ಹಳೆಯ ಕೆಲಸ: ಹರಳು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ, ನೀರು ಯಾವ ಕಡೆಯಿಂದ ಹರಿಯುತ್ತಿತ್ತು.

ಕಿಲ್ಲಾರಿಯ ಆ ಎಂಟು ಮೀಟರ್ ಇಂಥದೇ ಪದರ. ಕಲಬುರಗಿ, ಕಮಲಾಪುರಗಳ ಕೆಳಗೂ ಅಂಥ ಪದರ ಇದ್ದರೆ, ಜಾಲಿಸಬೇಕಾದ ಹಳ್ಳ ಅದೇ. ಕರಿಕಲ್ಲು ತೆಳುವಾಗುವ ಅಂಚಿನಿಂದ ಶುರು ಮಾಡಿ ಉತ್ತರಕ್ಕೆ ಸರಿಯುತ್ತ ಹೋಗುವುದು ಬುದ್ಧಿವಂತಿಕೆ ಎಂದು ನನಗನ್ನಿಸುತ್ತದೆ. ಕಡಿಮೆ ಕೊರೆದು ಹೆಚ್ಚು ತಿಳಿಯಬಹುದು. ಆದರೆ ಒಂದೊಂದು ರಂಧ್ರಕ್ಕೂ ಹಣ ಸುರಿಯಬೇಕು, ಹೆಚ್ಚಿನವು ಬರಿದಾಗುತ್ತವೆ. ಯಾರು ಸುರಿಯುತ್ತಾರೆ? 2015ರಲ್ಲಿ ಖನಿಜ ಕಾಯ್ದೆ ತಿದ್ದಿ ಎಲ್ಲವನ್ನೂ ಹರಾಜಿಗೆ ತಂದಾಗ, ಹುಡುಕಿದವರಿಗೇ ಗಣಿ ಸಿಗುವ ಭರವಸೆ ಹೋಯಿತು. 2023ರ ತಿದ್ದುಪಡಿಯಲ್ಲಿ ಅನ್ವೇಷಣೆಗೆಂದೇ ಪ್ರತ್ಯೇಕ ಪರವಾನಗಿ ಬಂದಿದೆ, ಅದರ 29 ಖನಿಜಗಳ ಪಟ್ಟಿಯಲ್ಲಿ ವಜ್ರವೂ ಇದೆ. ಸಾವಿರ ಚದರ ಕಿಲೋಮೀಟರಿನವರೆಗೆ ಹುಡುಕಬಹುದು. ಮೂರು ವರ್ಷದ ಬಳಿಕ ಕಾಲುಭಾಗ ಮಾತ್ರ ಇಟ್ಟುಕೊಳ್ಳಬಹುದು. ಗಣಿ ಬೇರೆಯವರಿಗೆ ಹರಾಜಾದರೂ ಅವರು ಕೊಡುವ ಹರಾಜು ಪ್ರೀಮಿಯಂನಲ್ಲಿ ಹುಡುಕಿದವರಿಗೆ ಪಾಲು. ಕಾಗದದ ಮೇಲೆ ಸರಿಯಾಗಿಯೇ ಇದೆ. ಕರಿಕಲ್ಲಿನ ಕೆಳಗೆ ಹಣ ಹೂಡುವ ಧೈರ್ಯ ಇದರಿಂದ ಬರುತ್ತದೆಯೇ ಎಂಬುದರಲ್ಲಿ ನನಗೆ ಅನುಮಾನ. ಕಂಪನಿಗಳು ಮೊದಲು ಹೋಗುವುದು ಮುಚ್ಚಳವಿಲ್ಲದ ಗ್ರಾನೈಟಿನ ಕಡೆಗೇ.

ಆದರೆ ನಮ್ಮ ಹಳ್ಳಿಗಳಲ್ಲಿ ನೆಲ ಕೊರೆಯುವುದು ನಿಂತಿಲ್ಲ. ಬೇಸಿಗೆ ಬಂದರೆ ಬೋರ್ ಗಾಡಿಗಳು ಹಗಲೂ ರಾತ್ರಿ ಓಡಾಡುತ್ತವೆ. ನೀರು ಬೀಳದ ಬೋರಿನ ಪುಡಿಯನ್ನು ಯಾರೂ ತಿರುಗಿ ನೋಡುವುದಿಲ್ಲ, ಸಾಲದ ಚಿಂತೆಯಲ್ಲಿ ಯಾರು ನೋಡಿಯಾರು? ಆದರೂ ಒಂದು ಮಾತು ಕೇಳಿಕೊಳ್ಳುತ್ತೇನೆ. ಕಮಲಾಪುರ, ಮಹಾಗಾಂವ್, ಆಳಂದ ಕಡೆಯ ರೈತ ಬಂಧುಗಳೇ, ಬೋರ್ ಹೊಡೆಸುವಾಗ ಕಪ್ಪು ಪುಡಿ ನಿಂತು, ಅದರ ಕೆಳಗೆ ದುಂಡು ಹರಳಿನ ಉಸುಕೋ ಬಣ್ಣ ಬೇರೆಯಾದ ಜೇಡಿಯೋ ಬಂದರೆ, ಎರಡು ಬೊಗಸೆ ತೆಗೆದು ಒಂದು ಚೀಲದಲ್ಲಿ ಹಾಕಿಡಿ. ಎಷ್ಟು ಅಡಿಗೆ ಬಂತು, ಯಾವ ಹೊಲ, ಯಾವ ತಾರೀಖು ಎಂದು ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ಲಾವಾದ ಎರಡು ಹರಿವುಗಳ ನಡುವೆ ಬರುವ ಕೆಂಪು ಮಣ್ಣು ಬೇರೆ. ಅದರ ಕೆಳಗೆ ಮತ್ತೆ ಕರಿಕಲ್ಲು ಬರುತ್ತದೆ, ಅದನ್ನು ಕಂಡು ಮೋಸಹೋಗಬೇಡಿ. ಕಲ್ಲು ಪೂರ್ತಿ ಮುಗಿದ ಮೇಲೆ ಬರುವ ಉಸುಕು ನಮಗೆ ಬೇಕಾದದ್ದು. ಚೀಲವನ್ನು ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಯಲ್ಲಿ ತೋರಿಸಿ. ಅದರಲ್ಲಿ ವಜ್ರ ಇರುವುದಿಲ್ಲ. ಏನಾದರೂ ಇದ್ದರೆ ಸಾಸಿವೆಗಿಂತ ಸಣ್ಣ ಒಂದು ನೇರಳೆಗೆಂಪು ಕಾಳು ಇರಬಹುದು.